ಹಳದಿ ಕೊರಳಿನ ಗುಬ್ಬಿಯ ಹಿಂದೆ ಹೋದ ಹುಡುಗ

ಮಾರ್ಚ್ ಹಿಡಿಯಿತೆಂದರೆ ನಮ್ಮ ನೇತ್ರಾವತಿ, ಫಲ್ಗುಣಿ ಹೊಳೆಗಳ ಅಳಿವೆಯಲ್ಲಿ ನೀರಿನ ಸ್ವಭಾವವೇ ಬೇರೆಯಾಗುತ್ತದೆ. ಮೇಲಿನಿಂದ ಬರುವ ಸಿಹಿನೀರು ಸೊರಗಿ, ಕಡಲಿನ ಉಪ್ಪು ಹೊಳೆಯೊಳಗೆ ದೂರದವರೆಗೆ ಏರುತ್ತದೆ. ಇಳಿತದ ಹೊತ್ತಿಗೆ ಉಳ್ಳಾಲ, ಕೋಟೆಪುರ, ಬೆಂಗ್ರೆ ಕಡೆ ಕೆಸರಿನ ಬಯಲು ಎದ್ದು ಕಾಣುತ್ತದೆ. ಅಲ್ಲಿ ಮರುವಾಯಿ ಹೆಕ್ಕುವವರು ಸೊಂಟ ಬಗ್ಗಿಸಿರುತ್ತಾರೆ. ಅವರಿಂದ ನಾಲ್ಕು ಮಾರು ಆಚೆ, ಮುಷ್ಟಿಯಷ್ಟು ದೊಡ್ಡ ಹಕ್ಕಿಗಳು ಅದೇ ಕೆಸರಿನಲ್ಲಿ ಓಡುತ್ತಾ, ನಿಲ್ಲುತ್ತಾ, ಪುನಃ ಓಡುತ್ತಾ ಇರುತ್ತವೆ. ಚಳಿಗಾಲ ಇಡೀ ಮಣ್ಣಿನ ಬಣ್ಣದಲ್ಲಿದ್ದ ಇವುಗಳ ಎದೆ ಈಗ ಇಟ್ಟಿಗೆ ಕೆಂಪಾಗತೊಡಗುತ್ತದೆ. ಬೆನ್ನ ಮೇಲೆ ಚಿನ್ನದ ಚುಕ್ಕೆ ಇರುವ ಇನ್ನೊಂದು ಜಾತಿಯ ಹಕ್ಕಿಯ ಹೊಟ್ಟೆ ಕಪ್ಪಾಗುತ್ತದೆ. ಅದು ಊರಿಗೆ ಹೊರಡುವ ಮೊದಲಿನ ಮದುವೆಯ ಬಟ್ಟೆ. ಒಂದರ ಊರು ಟಿಬೆಟ್ ಕಡೆ, ಮತ್ತೊಂದರದ್ದು ಸೈಬೀರಿಯಾ. ಮಳೆಗಾಲ ಶುರುವಾಗುವಾಗ ಇವುಗಳಲ್ಲಿ ಹೆಚ್ಚಿನವು ಇಲ್ಲಿರುವುದಿಲ್ಲ.

ನಾವು ಸಣ್ಣದಿರುವಾಗ ಇವಕ್ಕೆಲ್ಲ ಒಂದೇ ಹೆಸರು, ಹೊಳೆ ಹಕ್ಕಿ. ಅಷ್ಟೇ. ಬೇರೆ ಬೇರೆ ಹೆಸರುಂಟು, ಬೇರೆ ಬೇರೆ ದೇಶಗಳಿಂದ ಬರುತ್ತವೆ ಎಂಬುದು ಗೊತ್ತಾದದ್ದು ತುಂಬಾ ತಡವಾಗಿ, ಅದೂ ಒಂದು ಪುಸ್ತಕದಿಂದ. ಆ ಪುಸ್ತಕ ಬರೆದವರು ಮರ್ಹೂಂ ಡಾ. ಸಲೀಂ ಅಲಿ. ನಮ್ಮ ಮಕ್ಕಳಿಗೆ ಅವರ ಹೆಸರು ಸಾಮಾನ್ಯ ಜ್ಞಾನದ ಪ್ರಶ್ನೆಯ ಉತ್ತರವಾಗಿ ಮಾತ್ರ ಗೊತ್ತು, ಭಾರತದ ಹಕ್ಕಿ ಮನುಷ್ಯ ಯಾರು ಎಂದು ಕೇಳಿದರೆ ಹೇಳಿಬಿಡುತ್ತಾರೆ. ಅವರ ಬದುಕು ಹೇಗಿತ್ತು ಎಂದು ಕೇಳಿದರೆ ಮೌನ. ಬೇಸಿಗೆ ಕಾಲಿಡುವ ಈ ದಿನಗಳಲ್ಲಿ, ಹಕ್ಕಿಗಳು ಹೊರಡುವ ಮೊದಲು, ಅವರ ಕಥೆ ಹೇಳೋಣ ಅನಿಸಿತು.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಸುಲೈಮಾನಿ ಬೋಹ್ರಾ ಮನೆತನ. ಬ್ಯಾರಿ ಎಂಬ ಹೆಸರು ಬ್ಯಾರ, ಅಂದರೆ ವ್ಯಾಪಾರದಿಂದ ಬಂತು ಎಂದು ನಮ್ಮ ಹಿರಿಯರು ಹೇಳುವ ಹಾಗೆ, ಬೋಹ್ರಾ ಎಂಬ ಹೆಸರಿನ ಹಿಂದೆಯೂ ವ್ಯಾಪಾರವೇ ಇದೆ. ಹತ್ತು ಮಕ್ಕಳಲ್ಲಿ ಕೊನೆಯವರು ಇವರು. ಒಂದು ವರ್ಷದ ಮಗುವಾಗಿದ್ದಾಗ ತಂದೆ ಮೊಯಿಜುದ್ದೀನ್ ತೀರಿಕೊಂಡರು. ಮೂರು ವರ್ಷ ಆಗುವಾಗ ತಾಯಿ ಜೀನತುನ್ನಿಸಾ ಕೂಡ ಹೋದರು. ಹತ್ತು ಮಂದಿ ಯತೀಮ್ ಮಕ್ಕಳನ್ನು ಖೇತ್‌ವಾಡಿಯ ಮನೆಯಲ್ಲಿ ಸಾಕಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. 1887ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಬದ್ರುದ್ದೀನ್ ತಯ್ಯಬ್ಜಿಯವರ ಕುಟುಂಬವೇ ಇದು. ಹಣಕಾಸಿಗೆ ತೊಂದರೆ ಇರಲಿಲ್ಲ ಎಂಬುದು ನಿಜ. ಆದರೆ ಉಮ್ಮನ ಮುಖ ನೆನಪಿಲ್ಲದ ಮಗುವಿಗೆ ಮಾವನ ಮನೆ ಎಷ್ಟು ದೊಡ್ಡದಿದ್ದರೂ ಮಾವನ ಮನೆಯೇ ಅಲ್ವಾ.

ಮಾವ ಶಿಕಾರಿ. ಹುಡುಗನ ಕೈಗೆ ಒಂದು ಏರ್‌ಗನ್ ಕೊಟ್ಟಿದ್ದರು. ಗುಬ್ಬಿ ಹೊಡೆಯುವುದು ಅವನ ಆಟ. ಹೊಡೆದದ್ದನ್ನು ಹಲಾಲ್ ಮಾಡಿ ಅಡುಗೆಮನೆಗೆ ಕೊಡುತ್ತಿದ್ದ. ಹತ್ತು ವರ್ಷದ ಆಸುಪಾಸಿನಲ್ಲಿ ಹುಡುಗ ಬರೆದಿಟ್ಟ ಒಂದು ಟಿಪ್ಪಣಿ ಇದೆ. ಗೋಡೆಯ ತೂತಿನಲ್ಲಿ ಹೆಣ್ಣುಗುಬ್ಬಿ ಮೊಟ್ಟೆಗೆ ಕೂತಿತ್ತು, ಗಂಡು ಹೊರಗೆ ಮೊಳೆಯೊಂದರ ಮೇಲೆ ಕಾವಲಿತ್ತು. ಹುಡುಗ ಗಾಡಿಯ ಹಿಂದೆ ಅಡಗಿ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲಿ ಹೆಣ್ಣು ಇನ್ನೊಂದು ಗಂಡನ್ನು ಕರೆದುಕೊಂಡು ಬಂತು. ಅದನ್ನೂ ಹೊಡೆದ. ಏಳು ದಿವಸಗಳಲ್ಲಿ ಎಂಟು ಗಂಡುಗಳು. ಪ್ರತಿ ಸಲವೂ ಆ ಮೊಳೆಯ ಮೇಲೆ ಹೊಸ ಗಂಡು ಬಂದು ಕೂತಿತು. ಕೇಳಲಿಕ್ಕೆ ಕ್ರೂರವೇ. ಆದರೆ ಇಂತಹ ಆಟವನ್ನು ಸಾವಿರ ಹುಡುಗರು ಆಡಿರಬಹುದು, ಲೆಕ್ಕ ಬರೆದಿಟ್ಟವನು ಇವನೊಬ್ಬ. ಸುಮಾರು ಅರುವತ್ತು ವರ್ಷ ಕಳೆದ ಮೇಲೆ ಆ ಟಿಪ್ಪಣಿ ಹೆಚ್ಚು ತಿದ್ದುಪಡಿ ಇಲ್ಲದೆ ಅಚ್ಚಾಯಿತು.

ಹೀಗೆ ಹೊಡೆದು ಬೀಳಿಸಿದ ಗುಬ್ಬಿಗಳಲ್ಲಿ ಒಂದು ದಿನ ಒಂದು ಬೇರೆ ಥರದ್ದು ಸಿಕ್ಕಿತು. ನೋಡಲು ಹೆಣ್ಣುಗುಬ್ಬಿಯ ಹಾಗೆಯೇ, ಆದರೆ ಕೊರಳಲ್ಲಿ ಅರಸಿನ ಮೆತ್ತಿದಂತೆ ಒಂದು ಹಳದಿ ಮಚ್ಚೆ. ಹುಡುಗನಿಗೆ ಸಂಶಯ ಬಂತು. ಇದು ಗುಬ್ಬಿಯೇ, ಬೇರೆ ಹಕ್ಕಿಯೇ? ನಮ್ಮವರು ತಿನ್ನಬಹುದಾ, ಬಾರದಾ? ಮಾವನ ಹತ್ತಿರ ತಂದು ತೋರಿಸಿದ. ಅವರಿಗೂ ಗೊತ್ತಾಗಲಿಲ್ಲ. ಅಮೀರುದ್ದೀನ್ ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅದರ ಕಾರ್ಯದರ್ಶಿ ಡಬ್ಲ್ಯೂ. ಎಸ್. ಮಿಲ್ಲಾರ್ಡ್ ಅವರಿಗೊಂದು ಪತ್ರ ಬರೆದು, ಹಕ್ಕಿಯನ್ನು ಕೊಟ್ಟು ಹುಡುಗನನ್ನೇ ಕಳಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಗೊತ್ತಿಲ್ಲದ್ದನ್ನು ಮಕ್ಕಳು ಕೇಳಿದಾಗ ನಾವು ಎಂತ ಮಾಡುತ್ತೇವೆ? ಹೋಗಿ ಓದು ಹೋಗು ಎನ್ನುತ್ತೇವೆ, ಇಲ್ಲದಿದ್ದರೆ ಏನಾದರೊಂದು ಹೇಳಿ ಬಾಯಿ ಮುಚ್ಚಿಸುತ್ತೇವೆ. ಈ ಮಾವ ಹಾಗೆ ಮಾಡಲಿಲ್ಲ. ತನಗೆ ಗೊತ್ತಿಲ್ಲ, ಗೊತ್ತಿರುವವರು ಇಂಥಲ್ಲಿದ್ದಾರೆ, ನೀನೇ ಹೋಗಿ ಕೇಳು ಎಂದು ದಾರಿ ತೋರಿಸಿದರು. ಬ್ರಿಟಿಷ್ ಸಾಹೇಬರ ಕಚೇರಿಯ ಮೆಟ್ಟಿಲು ಹತ್ತುವಾಗ ಹುಡುಗನ ಕಾಲು ನಡುಗಿತ್ತು. ಮಿಲ್ಲಾರ್ಡ್ ಒಳ್ಳೆಯ ಮನುಷ್ಯ. ಅದು ಹಳದಿ ಕೊರಳಿನ ಗುಬ್ಬಿ ಎಂದು ಗುರುತಿಸಿ ಹೇಳಿದರು. ಹೇಳಿ ಕಳಿಸಿಬಿಡಲಿಲ್ಲ. ಕಪಾಟುಗಳ ಬಾಗಿಲು ತೆರೆದು, ಹುಲ್ಲು ತುಂಬಿ ಸಾಲಾಗಿ ಜೋಡಿಸಿಟ್ಟಿದ್ದ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು, ಓದಲಿಕ್ಕೆ ಪುಸ್ತಕ ಕೊಟ್ಟರು, ಚರ್ಮ ಸುಲಿದು ಮಾದರಿ ಮಾಡಿಡುವ ಕೆಲಸ ಕಲಿಯುವ ಏರ್ಪಾಡು ಮಾಡಿದರು. ಹಲಾಲಾ ಎಂದು ಕೇಳಲು ಹೊರಟ ಹುಡುಗ ಹೀಗೆ ವಿಜ್ಞಾನದ ಮನೆಗೆ ಹೊಕ್ಕ.

ಶಾಲೆಯ ಓದು ಮಾತ್ರ ಸರಿಯಾಗಿ ಹಿಡಿಯಲಿಲ್ಲ. ಹೇಗೋ ಮೆಟ್ರಿಕ್ ಮುಗಿಸಿ ಸೇಂಟ್ ಕ್ಸೇವಿಯರ್ ಕಾಲೇಜು ಸೇರಿ, ಅಲ್ಲಿ ಗಣಿತ ತಲೆಗೆ ಹತ್ತದೆ ಬಿಟ್ಟರು. ಕುಟುಂಬದವರದ್ದು ಬರ್ಮಾದ ತವೋಯ್‌ಯಲ್ಲಿ ಅದಿರು ಮತ್ತು ಮರದ ವ್ಯಾಪಾರ ಇತ್ತು. ನಮ್ಮೂರಿನಲ್ಲಿ ಓದು ನಿಲ್ಲಿಸಿದ ಹುಡುಗರನ್ನು ಒಂದು ಕಾಲದಲ್ಲಿ ರಂಗೂನಿಗೆ, ಕೊಲಂಬೋಗೆ, ನಂತರ ಗಲ್ಫಿಗೆ ಕಳಿಸಿದ ಹಾಗೆ ಇವರನ್ನೂ ಬರ್ಮಾಕ್ಕೆ ಕಳಿಸಿದರು. ಅಲ್ಲಿನ ಕಾಡು ಅವರನ್ನು ಹಿಡಿದುಕೊಂಡಿತು, ವ್ಯಾಪಾರ ಹಿಡಿಯಲಿಲ್ಲ. 1917ರಲ್ಲಿ ತಿರುಗಿ ಬಂದು ಬೆಳಿಗ್ಗೆ ಒಂದು ಕಡೆ ವಾಣಿಜ್ಯ, ಇನ್ನೊಂದು ಕಡೆ ಪ್ರಾಣಿಶಾಸ್ತ್ರ ಎಂದು ಸ್ವಲ್ಪ ಕಲಿತರು. 1918ರ ಡಿಸೆಂಬರಿನಲ್ಲಿ ತೆಹ್ಮಿನಾ ಅವರ ಜೊತೆ ನಿಕಾಹ್ ಆಯಿತು. ಪುನಃ ಬರ್ಮಾ. ವ್ಯಾಪಾರ ಪೂರ್ತಿ ಮುಳುಗಿದ ಮೇಲೆ ಖಾಲಿ ಕೈಯಲ್ಲಿ ಮುಂಬೈ.

ಸರಕಾರದ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞನ ಹುದ್ದೆಯೊಂದಿತ್ತು. ಇವರಿಗೆ ಸಿಗಲಿಲ್ಲ, ಡಿಗ್ರಿ ಇಲ್ಲವಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಬಂದವರಿಗೆ ವಿವರಣೆ ಕೊಡುವ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ಎರಡು ವರ್ಷದಲ್ಲಿ ಅದು ಸಾಕೆನಿಸಿ, ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್ ಮ್ಯೂಸಿಯಂನ ಎರ್ವಿನ್ ಸ್ಟ್ರೆಸೆಮಾನ್ ಇವರನ್ನು ಶಿಷ್ಯನಾಗಿ ತೆಗೆದುಕೊಂಡರು. ಇವರು ಕೊನೆಯವರೆಗೆ ಗುರು ಎಂದು ಹೇಳಿಕೊಂಡದ್ದು ಆ ಒಬ್ಬರನ್ನೇ. ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸವನ್ನೂ ನೋಡಿ ಕಲಿತರು. 1930ರಲ್ಲಿ ತಿರುಗಿ ಬಂದರೆ ಮ್ಯೂಸಿಯಂನ ಹುದ್ದೆಯೇ ಇರಲಿಲ್ಲ. ಹಣವಿಲ್ಲವೆಂದು ತೆಗೆದುಹಾಕಿದ್ದರು.

ಪ್ರಾಯ ಮೂವತ್ತಮೂರು, ಕೈಯಲ್ಲಿ ಕೆಲಸ ಇಲ್ಲ. ಪೇಟೆಯಲ್ಲಿ ಖರ್ಚು ತೂಗಿಸಲಾಗದೆ ಗಂಡ ಹೆಂಡತಿ ಮುಂಬೈ ಸಮೀಪದ ಕಿಹಿಂ ಎಂಬ ಕಡಲ ಕರೆಯ ಹಳ್ಳಿಗೆ ಹೋಗಿ ಉಳಿದರು. ಆ ಹಳ್ಳಿಯಲ್ಲಿ ಗೀಜಗನ ಗೂಡುಗಳಿದ್ದವು. ನಾವೆಲ್ಲ ನೋಡಿದ್ದೇವೆ, ತೆಂಗಿನ ಗರಿಯ ತುದಿಯಲ್ಲಿ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ನೇತಾಡುವ ಆ ಗೂಡನ್ನು. ಸಲೀಂ ಅಲಿ ದಿನವಿಡೀ ಕೂತು ನೋಡಿದರು. ಗಂಡು ಗೂಡನ್ನು ಅರ್ಧ ಹೆಣೆಯುತ್ತದೆ. ಹೆಣ್ಣು ಬಂದು ಒಳಗೆ ಹೊರಗೆ ಪರೀಕ್ಷೆ ಮಾಡುತ್ತದೆ. ಮನಸ್ಸಿಗೆ ಬಂದರೆ ಒಳಗೆ ಕೂರುತ್ತದೆ, ಗಂಡು ಉಳಿದದ್ದನ್ನು ಮುಗಿಸಿ ಕೊಡುತ್ತದೆ. ಮೊಟ್ಟೆ ಇಟ್ಟು ಹೆಣ್ಣು ಕಾವಿಗೆ ಕೂತ ಕೂಡಲೇ ಈ ಪುಣ್ಯಾತ್ಮ ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಬ್ಬಳಿಗೆ ಕಾಯುತ್ತಾನೆ. ಶತಮಾನಗಳಿಂದ ಎಲ್ಲರ ಕಣ್ಣ ಮುಂದೆ ನಡೆಯುತ್ತಿದ್ದ ಈ ಸಂಸಾರವನ್ನು ಕ್ರಮವಾಗಿ ಕಂಡು ಬರೆದವರು ಕೆಲಸ ಕಳೆದುಕೊಂಡ ಈ ಮನುಷ್ಯ. ಪಕ್ಷಿಶಾಸ್ತ್ರದ ಲೋಕ ಇವರ ಹೆಸರನ್ನು ಗುರುತಿಸಿದ್ದು ಆ ಲೇಖನದಿಂದ.

ಮುಂದಿನ ಹತ್ತು ವರ್ಷ ಅವರು ಮಾಡಿದ್ದು ಸಂಬಳವಿಲ್ಲದ ಕೆಲಸ. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೋರ್, ಭೋಪಾಲ್ ಎಂದು ಒಂದೊಂದು ಸಂಸ್ಥಾನದ ಹಕ್ಕಿಗಳ ಲೆಕ್ಕ. ಓಡಾಟದ ಖರ್ಚು ಸಂಸ್ಥಾನ ಕೊಟ್ಟರೆ ಸಾಕು, ದುಡಿಮೆಗೆ ಏನೂ ಬೇಡ ಎಂದು ತಾವೇ ಮುಂದೆ ಬಂದಿದ್ದರು. ತೆಹ್ಮಿನಾ ಜೊತೆಗಿರುತ್ತಿದ್ದರು. ಅನುಕೂಲಸ್ಥರ ಮನೆಯಲ್ಲಿ ಬೆಳೆದ ಹೆಣ್ಣುಮಗಳು, ಡೇರೆಯಲ್ಲಿ, ಎತ್ತಿನ ಗಾಡಿಯಲ್ಲಿ, ಕಾಡಿನ ಬಂಗಲೆಗಳಲ್ಲಿ ದಿನ ಕಳೆದರು. ಇಂಗ್ಲಿಷ್ ಬರವಣಿಗೆಯನ್ನು ತಿದ್ದಿಕೊಟ್ಟವರೂ ಅವರೇ. ಇವರ ಬಗ್ಗೆ ಬರೆಯುವವರು ತೆಹ್ಮಿನಾ ಬಗ್ಗೆ ಎರಡು ಸಾಲು ಬರೆದು ಮುಂದೆ ಹೋಗುತ್ತಾರೆ, ನಮಗೂ ಅದಕ್ಕಿಂತ ಹೆಚ್ಚು ಬರೆಯುವಷ್ಟು ಸಿಗುವುದಿಲ್ಲ. ಅದೇ ಬೇಸರ. 1939ರಲ್ಲಿ ಒಂದು ಸಣ್ಣ ಆಪರೇಷನ್ ಆಗಿ ನಂಜೇರಿ ತೆಹ್ಮಿನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಅಕ್ಕ ಕಮೂ ಮತ್ತು ಭಾವ ಹಸನ್ ಅಲಿ ತಮ್ಮ ಮನೆಯಲ್ಲಿ ಜಾಗ ಮಾಡಿಕೊಟ್ಟರು.

ಆ ಸಾವಿನ ಬೆನ್ನಿಗೆ, 1939-40ರಲ್ಲಿ, ಅವರು ಬಂದದ್ದು ನಮ್ಮ ಮೈಸೂರು ಸಂಸ್ಥಾನಕ್ಕೆ. ಹಕ್ಕಿಗಳ ಸರ್ವೆಗಾಗಿ ತಿರುಗುತ್ತಾ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯ ನಡುವೆ ಸಣ್ಣ ಸಣ್ಣ ಕುದುರುಗಳನ್ನು ಕಂಡರು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಟ್ಟಿದ ಅಣೆಕಟ್ಟಿನಿಂದ ಆದ ಕುದುರುಗಳು ಅವು. ಹೊಳೆಮತ್ತಿ, ಕೇದಗೆ, ಬಿದಿರಿನ ಮೆಳೆಗಳ ಮೇಲೆ ಕೊಕ್ಕರೆಗಳು ಗುಂಪುಗುಂಪಾಗಿ ಗೂಡು ಕಟ್ಟುವ ಜಾಗ. ನದಿ ಸುತ್ತುವರಿದಿರುವುದರಿಂದ ನಾಯಿ ನರಿ ಬರಲಾರವು, ನೀರಿನಲ್ಲಿ ಮೊಸಳೆ ಬೇರೆ. ಇದನ್ನು ಉಳಿಸಿಕೊಳ್ಳಬೇಕು ಎಂದು ಮೈಸೂರು ಮಹಾರಾಜರ ಸರಕಾರಕ್ಕೆ ಮನವರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸುಮಾರು ನಲವತ್ತು ಎಕರೆಯ ಸಣ್ಣ ಜಾಗ. 2022ರಲ್ಲಿ ಅದು ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಹೆಸರು ಅದು.

ರಂಗನತಿಟ್ಟು ನೋಡಬೇಕಾದದ್ದು ಬೇಸಿಗೆಯ ಆರಂಭದಲ್ಲಿಯೇ. ನಮ್ಮಲ್ಲಿ ಹೆಚ್ಚಿನವರು ಮೈಸೂರು ಪ್ರವಾಸ ಎಂದರೆ ಅರಮನೆ, ಝೂ, ಕೆಆರ್‌ಎಸ್, ಟಿಪ್ಪು ಸುಲ್ತಾನರ ಗುಂಬಜ್ ಎಂದು ಮುಗಿಸಿಬಿಡುತ್ತಾರೆ. ಗುಂಬಜ್‌ನಿಂದ ಬರೀ ಕೆಲವು ಕಿಲೋಮೀಟರು ಅದು. ಫೆಬ್ರವರಿ, ಮಾರ್ಚಿನಲ್ಲಿ ದೋಣಿಯಲ್ಲಿ ಹೋದರೆ ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ತರುವುದು, ಬಾಯ್ಕಳಕ ಕೊಕ್ಕರೆ ಸೀಳಿದಂತಿರುವ ಕೊಕ್ಕಿನಲ್ಲಿ ಮೃದ್ವಂಗಿ ಹಿಡಿಯುವುದು, ಚಮಚಕೊಕ್ಕು ನೀರನ್ನು ಆಚೀಚೆ ಗುಡಿಸುತ್ತಾ ಹೋಗುವುದು ಎಲ್ಲ ಕೈಗೆ ಎಟಕುವಷ್ಟು ಹತ್ತಿರ ಕಾಣುತ್ತದೆ. ನೀರುಕಾಗೆ ರೆಕ್ಕೆ ಬಿಡಿಸಿ ಬಿಸಿಲಿಗೆ ಒಣಗಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿರುತ್ತದೆ, ಅಲುಗಾಡುವುದೇ ಇಲ್ಲ, ಮಕ್ಕಳು ಅದು ಸಿಮೆಂಟಿನದ್ದು ಎಂದುಕೊಳ್ಳುತ್ತಾರೆ. ಮರದಲ್ಲಿ ದೊಡ್ಡ ಬಾವಲಿಗಳು ತಲೆಕೆಳಗಾಗಿ ಜಗಳ ಮಾಡುತ್ತಿರುತ್ತವೆ. ಅದೃಷ್ಟ ಇದ್ದರೆ ನೀರುನಾಯಿ.

ಒಂದು ಸೋಜಿಗ ಉಂಟು ಇದರಲ್ಲಿ. ಇದೇ ಬಣ್ಣದ ಕೊಕ್ಕರೆ ರಾಜಸ್ಥಾನದ ಭರತಪುರದಲ್ಲಿ ಗೂಡು ಕಟ್ಟುವುದು ಮಳೆ ಬಿದ್ದು ನೀರು ತುಂಬಿದ ಮೇಲೆ, ಆಗಸ್ಟ್ ಸೆಪ್ಟೆಂಬರಿನಲ್ಲಿ. ಕಾವೇರಿಯಲ್ಲಿ ಅದಕ್ಕೆ ಜನವರಿ ಫೆಬ್ರವರಿಯೇ ಬೇಕು. ಒಂದೇ ಹಕ್ಕಿ, ಎರಡು ಪಂಚಾಂಗ. ಮರಿಗಳ ಬಾಯಿಗೆ ಮೀನು ಯಾವಾಗ ಸಿಗುತ್ತದೆ, ಗೂಡಿನ ಬುಡಕ್ಕೆ ನೀರು ಯಾವಾಗ ಹದವಾಗಿರುತ್ತದೆ ಎಂಬುದನ್ನು ನೋಡಿಕೊಂಡು ಅದು ತಿಂಗಳು ಗೊತ್ತುಮಾಡುತ್ತದೆ. ಹಾಗಾಗಿ ನೀರಿನ ಲೆಕ್ಕ ತಪ್ಪಿದರೆ ಹಕ್ಕಿಯ ಲೆಕ್ಕವೂ ತಪ್ಪುತ್ತದೆ. ಜೋರು ಮಳೆಗೆ ಮೇಲಿನ ಅಣೆಕಟ್ಟಿನಿಂದ ಒಮ್ಮೆಲೇ ನೀರು ಬಿಟ್ಟರೆ ರಂಗನತಿಟ್ಟಿನ ಕೆಳಗಿನ ಗೂಡುಗಳು ಮುಳುಗುತ್ತವೆ.

1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಹೊರಬಂತು. ಚಿತ್ರ ನೋಡಿ ಸಾಮಾನ್ಯ ಮನುಷ್ಯ ಹಕ್ಕಿ ಗುರುತಿಸಬಹುದಾದ ಪುಸ್ತಕ. ನೆಹರೂ ಅದನ್ನು ಮಗಳು ಇಂದಿರಾಗೆ ಕೊಟ್ಟಿದ್ದರು. ಮುಂದೆ ಅಮೆರಿಕದ ಡಿಲ್ಲನ್ ರಿಪ್ಲಿ ಜೊತೆ ಸೇರಿ ಭಾರತ ಪಾಕಿಸ್ತಾನಗಳ ಹಕ್ಕಿಗಳ ಬಗ್ಗೆ ಹತ್ತು ಸಂಪುಟಗಳನ್ನು 1968ರಿಂದ 1974ರವರೆಗೆ ಹೊರತಂದರು. ದೇಶ ಎರಡಾದ ಮೇಲೂ ಹಕ್ಕಿಗಳ ಪುಸ್ತಕ ಒಂದೇ ಉಳಿಯಿತು.

ಇನ್ನು ಭರತಪುರ. ಸಲೀಂ ಅಲಿಯವರ ಬದುಕಿನ ದೊಡ್ಡ ಸಾಧನೆಯೂ, ನಮ್ಮ ಪ್ರಕಾರ ದೊಡ್ಡ ತಪ್ಪೂ, ಅಲ್ಲಿಯೇ ಆದದ್ದು.

ಭರತಪುರದ ಕೇವಲಾದೇವ್ ಜೌಗು ಪ್ರದೇಶ ಅಲ್ಲಿನ ಮಹಾರಾಜರ ಬಾತುಕೋಳಿ ಬೇಟೆಯ ಕೆರೆ. ಎಷ್ಟು ಹೊಡೆದರೆಂದು ಕಲ್ಲಿನಲ್ಲಿ ಕೆತ್ತಿಸಿ ಇಟ್ಟಿದ್ದಾರೆ. ದಾಖಲೆ 4,273 ಹಕ್ಕಿಗಳು, ಒಂದೇ ದಿನಕ್ಕೆ, ವೈಸ್‌ರಾಯ್ ಲಿನ್ಲಿತ್‌ಗೋ ಬಂದಿದ್ದಾಗ. ತಾರೀಕು 1938ರ ನವೆಂಬರ್ 12. ಸಲೀಂ ಅಲಿಯವರಿಗೆ ನಲವತ್ತೆರಡು ತುಂಬಿದ ದಿನ ಅದು, ಬರೀ ಆಕಸ್ಮಿಕ. ಸ್ವಾತಂತ್ರ್ಯ ಬಂದ ಮೇಲೆ ಈ ನೀರನ್ನು ಬರಿದು ಮಾಡಿ ಬೇಸಾಯಕ್ಕೆ ಕೊಡಬೇಕೆಂಬ ಕೂಗು ಎದ್ದಿತು. ಹೊಟ್ಟೆಗಿಲ್ಲದ ಕಾಲ, ಕೂಗು ಅನ್ಯಾಯದ್ದೇನೂ ಅಲ್ಲ. ಸಲೀಂ ಅಲಿ ನೆಹರೂ ಅವರವರೆಗೆ ಹೋಗಿ ಅದನ್ನು ತಡೆದರು. 1956ರಲ್ಲಿ ಅದು ಪಕ್ಷಿಧಾಮವಾಯಿತು.

ಹೆಲಿಗೋಲ್ಯಾಂಡಿನಲ್ಲಿ ಕಲಿತ ವಿದ್ಯೆ ಉಪಯೋಗಕ್ಕೆ ಬಂದದ್ದು ಈ ಕಾಲದಲ್ಲಿ. ಅದಕ್ಕೆ ಕಾರಣ ನಮ್ಮ ಘಟ್ಟದ ಮೇಲಿನ ಕಾಯಿಲೆ ಎಂದರೆ ಆಶ್ಚರ್ಯ ಆಗಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂತಲ್ಲ, ಮಂಗನ ಕಾಯಿಲೆ. ಆ ವೈರಸ್ಸು ರಷ್ಯಾದ ಒಂದು ಜ್ವರದ ವೈರಸ್ಸಿಗೆ ಹತ್ತಿರದ್ದಾಗಿ ಕಂಡಿತು. ಹಾಗಾದರೆ ವಲಸೆ ಹಕ್ಕಿಗಳ ಮೈಯ ಉಣ್ಣಿಯಲ್ಲಿ ಬಂದಿರಬಹುದೇ ಎಂಬ ಸಂಶಯ. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿಯವರ ತಂಡ ಭರತಪುರ ಮತ್ತಿತರ ಕಡೆ ಸಾವಿರ ಸಾವಿರ ಹಕ್ಕಿಗಳನ್ನು ಹಿಡಿದು, ಉಣ್ಣಿ ಹೆಕ್ಕಿ, ಕಾಲಿಗೆ ನಂಬರಿನ ಉಂಗುರ ಹಾಕಿ ಬಿಟ್ಟಿತು. ಕಾಯಿಲೆಗೆ ಹಕ್ಕಿಗಳು ಕಾರಣ ಎಂಬುದಕ್ಕೆ ಆಧಾರ ಸಿಗಲಿಲ್ಲ, ಅದು ಇಲ್ಲಿನ ಕಾಡಿನದ್ದೇ ರೋಗ. ಆದರೆ ಉಂಗುರಗಳು ದೂರದ ಸೈಬೀರಿಯಾ, ಮಧ್ಯ ಏಷ್ಯಾದಿಂದ ತಿರುಗಿ ಸುದ್ದಿ ಕಳಿಸಿದವು. ನಮ್ಮ ದೇಶದ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಅಂದಾಜಿನಿಂದ ಲೆಕ್ಕಕ್ಕೆ ಬಂದದ್ದು ಹೀಗೆ.

ಈ ಸಾವಿರ ಹಕ್ಕಿಗಳನ್ನು ಗಾಯವಾಗದಂತೆ ಹಿಡಿದವರು ಯಾರು? ಬಿಹಾರದ ಮೀರ್ ಶಿಕಾರಿಗಳು. ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರಿ ಬದುಕಿದ ಬಡ ಮುಸ್ಲಿಂ ಸಮುದಾಯ. ಶಾಲೆಯ ಮುಖ ಕಾಣದವರು, ಆದರೆ ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರ ಬಲೆ, ಬಿದಿರಿನ ಕೋಲು, ಕೂಗು ಎಲ್ಲವನ್ನೂ ಸಲೀಂ ಅಲಿ ವಿಜ್ಞಾನದ ಕೆಲಸಕ್ಕೆ ತಂದರು. ಡಿಗ್ರಿ ಇಲ್ಲವೆಂದು ತಾನು ಬಾಗಿಲ ಹೊರಗೆ ನಿಂತಿದ್ದ ಮನುಷ್ಯ, ಇವರ ಹತ್ತಿರ ಡಿಗ್ರಿ ಕೇಳಲಿಲ್ಲ.

ಇಷ್ಟಾಗಿಯೂ ಭರತಪುರದ ಸುತ್ತಲಿನ ಇನ್ನೊಂದು ಬಡ ಜನರ ವಿಷಯದಲ್ಲಿ ಅವರ ಕಣ್ಣು ತಪ್ಪಿತು. ಆ ನೀರಿನಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ನೂರಾರು ವರ್ಷದಿಂದ ಮೇಯುತ್ತಿದ್ದವು. ದನ ಎಮ್ಮೆಗಳು ಹಕ್ಕಿಗಳಿಗೆ ಕಂಟಕ, ಅವನ್ನು ಹೊರಗಿಡಬೇಕು ಎಂಬುದು ಸಲೀಂ ಅಲಿ ಮತ್ತು ಸೊಸೈಟಿಯ ಅಭಿಪ್ರಾಯವಾಗಿತ್ತು. ಅವರ ಮಾತಿಗೆ ಆಗ ದಿಲ್ಲಿಯಲ್ಲಿ ಎದುರಿರಲಿಲ್ಲ. ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಆಯಿತು. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ಬೇರೆ ಹುಲ್ಲುಗಾವಲು ತೋರಿಸಲಿಲ್ಲ. ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು.

ಮುಂದಿನ ವರ್ಷಗಳಲ್ಲಿ ಆದದ್ದು ಯಾರೂ ಎಣಿಸದ ಸಂಗತಿ. ಎಮ್ಮೆ ಇಲ್ಲದ ನೀರಿನಲ್ಲಿ ಹುಲ್ಲು ಹಬ್ಬಿತು. ಎಮ್ಮೆ ಆ ಹುಲ್ಲನ್ನು ತಿನ್ನುತ್ತಿತ್ತು, ಹೊರಳಾಡಿ, ತುಳಿದು ನೀರಿನ ಕಿಂಡಿಗಳನ್ನು ತೆರೆದಿಡುತ್ತಿತ್ತು. ಈಗ ಕಿಂಡಿ ಮುಚ್ಚಿದವು, ಬಾತುಗಳಿಗೆ ಇಳಿಯಲು ಬಯಲು ನೀರು ಕಡಿಮೆಯಾಯಿತು, ಮೀನಿಗೂ ಕಷ್ಟವಾಯಿತು. ಇದನ್ನು ಕಂಡುಹಿಡಿದವರು ಹಳ್ಳಿಯವರ ಪರ ವಕೀಲರಲ್ಲ. 1980ರಿಂದ ಹತ್ತು ವರ್ಷ ಅಲ್ಲೇ ಕೂತು ಅಳೆದು ನೋಡಿದ್ದು ಸಲೀಂ ಅಲಿಯವರ ಸ್ವಂತ ಸೊಸೈಟಿಯ ವಿಜ್ಞಾನಿಗಳು. ಎಮ್ಮೆಗಳು ಆ ಜೌಗಿಗೆ ಬೇಕು ಎಂದು ತಮ್ಮ ಗುರುವಿನ ಮಾತಿಗೆ ವಿರುದ್ಧವಾಗಿಯೇ ಅವರು ವರದಿ ಕೊಟ್ಟರು. ಅದು ಪೂರ್ತಿಯಾಗಿ ಬರುವಾಗ ಸಲೀಂ ಅಲಿ ಇರಲಿಲ್ಲ. ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಗುಂಡಿಗೆ ಹೋದ ಜೀವಗಳಿಗಂತೂ ಆ ವರದಿಯಿಂದ ಏನೂ ಆಗಲಿಲ್ಲ.

ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇವೆ ಎಂದರೆ, ನಾವು ಹೊಳೆ ಬದಿಯ ಜನ. ನಮ್ಮ ಅಳಿವೆಗಳ ಬಗ್ಗೆಯೂ ಯೋಜನೆಗಳು ಬರುತ್ತವೆ, ಕೆಲವು ಕಟ್ಟಲಿಕ್ಕೆ, ಕೆಲವು ಕಾಪಾಡಲಿಕ್ಕೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಬಂದಿದೆ. ಅಲ್ಲಿ ಚಿಪ್ಪುಮೀನು ಹೆಕ್ಕಿ ಸಾವಿರಾರು ಮಂದಿಯ ಮನೆ ನಡೆಯುತ್ತದೆ. ಕೆಸರಿನಲ್ಲಿ ಬಗ್ಗಿದ ಮನುಷ್ಯನನ್ನೂ ಓಡುವ ಹಕ್ಕಿಯನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯದವರು ಕಾಪಾಡಲು ಹೊರಟರೆ ಭರತಪುರ ಆಗುತ್ತದೆ.

ಮನುಷ್ಯರಾಗಿ ಸಲೀಂ ಅಲಿ ಸ್ವಲ್ಪ ಗಡುಸು. ಸಣ್ಣ ಆಳು, ಒಣಕಲು ದೇಹ, ಕೊರಳಲ್ಲಿ ದುರ್ಬೀನು, ಹೊತ್ತು ಮೂಡುವ ಮೊದಲೇ ಹೊರಡಬೇಕು, ತಡ ಮಾಡಿದವರಿಗೆ ಬೈಗುಳ. ಗೊರಕೆ ಹೊಡೆಯುವವರನ್ನು ಕಂಡರಾಗದು. ಮೋಟಾರ್ ಸೈಕಲಿನ ಹುಚ್ಚು ಬೇರೆ. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಪಕ್ಷಿತಜ್ಞರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನಲ್ಲಿ ಅದರ ಮೇಲೆಯೇ ತಿರುಗಿದರು. ಭಾರತದಿಂದಲೇ ಬೈಕಿನಲ್ಲಿ ಬಂದಿದ್ದಾರೆಂದು ಅಲ್ಲಿನವರು ನಂಬಿದ್ದರಂತೆ, ಇವರಿಗೆ ಅದು ಬಲು ಖುಷಿ ಕೊಟ್ಟಿತ್ತು. ದೀನಿನ ವಿಷಯದಲ್ಲಿ ಅವರು ನಮ್ಮ ನಿಮ್ಮ ಹಾಗೆ ಇರಲಿಲ್ಲ. ತೋರಿಕೆಯ ನಮಾಜಿನ ಬಗ್ಗೆ ಆತ್ಮಕಥೆಯಲ್ಲಿ ಕಟುವಾಗಿಯೇ ಬರೆದಿದ್ದಾರೆ. ಅದನ್ನು ಮುಚ್ಚಿಟ್ಟು ಅವರನ್ನು ನಮ್ಮವರು ಎಂದು ಹೊಗಳಿದರೆ ಸರಿಯಾಗುವುದಿಲ್ಲ. ಹಾಗೆಯೇ ವಿಜ್ಞಾನಕ್ಕಾಗಿ ಹಕ್ಕಿ ಹೊಡೆಯುವುದನ್ನೂ ಅವರು ಕೊನೆಯವರೆಗೆ ಸಮರ್ಥಿಸಿದರು. ಮಾದರಿ ಕೈಯಲ್ಲಿ ಇಲ್ಲದೆ ಅಧ್ಯಯನ ಇಲ್ಲ ಎಂಬ ಕಾಲದವರು.

1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂತು. ಗೆಟ್ಟಿ ಪ್ರಶಸ್ತಿಯ ಹಣವನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟುಬಿಟ್ಟರು. ಡಿಗ್ರಿ ಇಲ್ಲವೆಂದು ಕೆಲಸ ಸಿಗದವರಿಗೆ ವಿಶ್ವವಿದ್ಯಾಲಯಗಳು ತಾವಾಗಿ ಡಾಕ್ಟರೇಟ್ ಕೊಟ್ಟವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಬಂತು, ಹೆಸರಿನಲ್ಲಿ ಆ ಗುಬ್ಬಿಯೇ ಇದೆ. 1987ರ ಜೂನ್ 20ರಂದು, ಮುಂಬೈಯಲ್ಲಿ, ತೊಂಬತ್ತರ ಪ್ರಾಯದಲ್ಲಿ ತೀರಿಕೊಂಡರು. ಗೋವಾದಲ್ಲಿ ಮಾಂಡೋವಿ ಹೊಳೆಯ ಚೋರಾವೊ ದ್ವೀಪದ ಕಾಂಡ್ಲಾ ಕಾಡು ಇಂದು ಅವರ ಹೆಸರಿನ ಪಕ್ಷಿಧಾಮ. ಭರತಪುರಕ್ಕೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕ್ರೌಂಚಗಳು ಮಾತ್ರ 2002ರ ನಂತರ ಬಂದಿಲ್ಲ.

ನಮ್ಮ ಅಳಿವೆಯ ಹಕ್ಕಿಗಳು ಇನ್ನೂ ಇವೆ. ಈ ವಾರ ನಾವು ಹೋದಾಗ ಎದೆ ಕೆಂಪಾದವು ಸುಮಾರು ಇದ್ದವು, ಪೂರ್ತಿ ಕಪ್ಪು ಹೊಟ್ಟೆಯದ್ದು ಒಂದೇ ಕಂಡಿತು. ನೋಡಬೇಕೆಂದಿದ್ದರೆ ಏಪ್ರಿಲ್ ನಡು ಕಳೆಯುವ ಮೊದಲು ಹೋಗಿ, ಸುಬಹಿ ನಮಾಜು ಮುಗಿಸಿ ಸೀದಾ ಹೊಳೆ ಬದಿಗೆ, ಇಳಿತದ ಹೊತ್ತು ನೋಡಿಕೊಂಡು. ಬಿಸಿಲು ಬೆನ್ನಿಗೆ ಬೀಳುವ ಹಾಗೆ ನಿಲ್ಲಿ, ಆಗ ಬಣ್ಣ ಸರಿಯಾಗಿ ಕಾಣುತ್ತದೆ. ದುರ್ಬೀನು ಇಲ್ಲದಿದ್ದರೂ ತೊಂದರೆ ಇಲ್ಲ. ಮಕ್ಕಳ ಕೈಗೊಂದು ನೋಟ್‌ಬುಕ್ ಕೊಡಿ, ತಾರೀಕು, ಜಾಗ, ಎಷ್ಟು ಹಕ್ಕಿ ಎಂದು ಬರೆಯಲಿ. ಮರುವಾಯಿ ಹೆಕ್ಕುವವರ ಹತ್ತಿರವೂ ಕೇಳಿ, ಯಾವ ಹಕ್ಕಿ ಯಾವಾಗ ಬಂತು, ಯಾವಾಗ ಹೋಗುತ್ತದೆ ಎಂದು. ನಮಗೆ ಹೆಚ್ಚಿನದು ಗೊತ್ತಾದದ್ದು ಅವರಿಂದಲೇ.